ಸೀಸವಿಲ್ಲದ ಸೆರಾಮಿಕ್ ಬಿಲ್ಲೆ ಎಷ್ಟು ಹಿಗ್ಗುತ್ತದೆ? ಪುಡಿ ತೂಗುವುದರಿಂದ ಕ್ಯೂ ಅಳೆಯುವವರೆಗೆ

ಅರ್ಧ ಮಿಲಿಮೀಟರ್ ದಪ್ಪದ ಒಂದು ಸೆರಾಮಿಕ್ ಬಿಲ್ಲೆ. ಎರಡೂ ಮುಖಕ್ಕೆ ಬೆಳ್ಳಿ ಬಳಿದು 2,500 ವೋಲ್ಟ್ ಕೊಟ್ಟರೆ ಅದು ಸುಮಾರು 0.7 ಮೈಕ್ರಾನ್ ದಪ್ಪವಾಗುತ್ತದೆ. ಅಂದರೆ ತಲೆಗೂದಲಿನ ನೂರನೇ ಒಂದು ಪಾಲು. ಪ್ಲಸ್ಸು ಮೈನಸ್ಸು ಅದಲುಬದಲು ಮಾಡಿ ಮತ್ತೆ ಕೊಡಿ. ಆಗಲೂ ದಪ್ಪವೇ ಆಗುತ್ತದೆ, ತೆಳುವಾಗುವುದಿಲ್ಲ. ವೋಲ್ಟೇಜ್ ತೆಗೆದರೆ ಮೊದಲಿದ್ದ ಅಳತೆಗೆ ವಾಪಸ್ಸು. ಇದೇ ಎಲೆಕ್ಟ್ರೊಸ್ಟ್ರಿಕ್ಷನ್.

ಗ್ಯಾಸ್ ಲೈಟರಿನಲ್ಲಿರುವ ಪಿಯೆಜೊ ಹಾಗಲ್ಲ. ಅದಕ್ಕೆ ದಿಕ್ಕು ಮುಖ್ಯ. ಒಂದು ಕಡೆ ಫೀಲ್ಡ್ (ವೋಲ್ಟೇಜನ್ನು ದಪ್ಪದಿಂದ ಭಾಗಿಸಿದ್ದು) ಕೊಟ್ಟರೆ ಹಿಗ್ಗುತ್ತದೆ, ತಿರುಗಿಸಿ ಕೊಟ್ಟರೆ ಕುಗ್ಗುತ್ತದೆ. ಎಲೆಕ್ಟ್ರೊಸ್ಟ್ರಿಕ್ಷನ್ನಿನಲ್ಲಿ ಹಿಗ್ಗು ನಡೆಯುವುದು ಪೋಲರೈಸೇಷನ್ನಿನ ವರ್ಗದ ಲೆಕ್ಕದಲ್ಲಿ. ಎಸ್ = ಕ್ಯೂ × ಪಿ². ಎಸ್ ಅಂದರೆ ಮೂಲ ದಪ್ಪಕ್ಕೆ ಹೋಲಿಸಿದರೆ ಹಿಗ್ಗಿದ ಪ್ರಮಾಣ, ಪಿ ಅಂದರೆ ಪೋಲರೈಸೇಷನ್ (ಫೀಲ್ಡಿಗೆ ಒಳಗಿನ ಚಾರ್ಜುಗಳು ಎಷ್ಟು ಸರಿದವು ಅನ್ನುವ ಅಳತೆ), ಕ್ಯೂ ಅಂದರೆ ನಾವು ಹುಡುಕುತ್ತಿರುವ ಸಂಖ್ಯೆ. ವರ್ಗ ಮಾಡಿದರೆ ಮೈನಸ್ ಹೋಗಿಬಿಡುತ್ತದಲ್ವಾ? ದಿಕ್ಕಿನ ಹಂಗಿಲ್ಲದಿರುವುದು ಅದಕ್ಕೇ.

ಈ ಗುಣವನ್ನು ಚೆನ್ನಾಗಿ ದುಡಿಸಿಕೊಂಡದ್ದು ಸೀಸದ ಸೆರಾಮಿಕ್. 1993ರಲ್ಲಿ ಹಬಲ್ ದೂರದರ್ಶಕಕ್ಕೆ ಹಾಕಿದ ಹೊಸ ಕ್ಯಾಮೆರಾದಲ್ಲಿ ಸಣ್ಣ ಕನ್ನಡಿಗಳನ್ನು ಚೂರೇ ಚೂರು ವಾಲಿಸಲು ಇದ್ದದ್ದು ಲೆಡ್ ಮೆಗ್ನೀಷಿಯಂ ನಿಯೊಬೇಟ್, ಅಂದರೆ ಪಿಎಂಎನ್. ಅದರ ತೂಕದಲ್ಲಿ ನೂರಕ್ಕೆ ಅರವತ್ತಕ್ಕೂ ಜಾಸ್ತಿ ಸೀಸ. 2006ರಿಂದ ಯುರೋಪಿನಲ್ಲಿ ಜಾರಿಯಾದ ನಿಯಮವೂ ನಮ್ಮ ದೇಶದ ಇ-ತ್ಯಾಜ್ಯ ನಿಯಮಗಳೂ ಎಲೆಕ್ಟ್ರಾನಿಕ್ ಉಪಕರಣಗಳಲ್ಲಿ ಸೀಸಕ್ಕೆ ಹಾಕಿರುವ ಮಿತಿ 0.1 ಶೇಕಡಾ. ಪಿಯೆಜೊ ಸೆರಾಮಿಕ್‌ಗಳು ವಿನಾಯಿತಿಯ ಮೇಲೆ ಬದುಕಿವೆ. ಸೀಸವಿಲ್ಲದವುಗಳ ಬೆನ್ನು ಹತ್ತಿರುವುದು ಇದಕ್ಕಾಗಿಯೇ.

ಇದು ಎಂ.ಎಸ್ಸಿ. ಪ್ರಾಜೆಕ್ಟಿಗೋ ಪಿಎಚ್‌.ಡಿ. ಮೊದಲ ವರ್ಷಕ್ಕೋ ಈ ಕೆಲಸಕ್ಕೆ ಇಳಿದವರಿಗಾಗಿ ಬರೆದದ್ದು. ಒಂದೇ ಮಾತು ತಲೆಯಲ್ಲಿಟ್ಟುಕೊಂಡು ಓದಿ: ಬಿಲ್ಲೆ ಜಾಸ್ತಿ ಹಿಗ್ಗಿತು ಅಂದಮಾತ್ರಕ್ಕೆ ಅದು ಎಲೆಕ್ಟ್ರೊಸ್ಟ್ರಿಕ್ಷನ್ ಆಗುವುದಿಲ್ಲ. ಎಸ್ ಮತ್ತು ಪಿ² ನಡುವೆ ನೇರ ಗೆರೆ ಬಂದರೆ ಮಾತ್ರ ಆ ಹೆಸರು ಹೇಳಬೇಕು.

ಯಾವ ಸಂಯೋಜನೆ?

ಬಿಸ್ಮತ್ ಸೋಡಿಯಂ ಟೈಟನೇಟ್, ಬಿಎನ್‌ಟಿ, 1960ರಲ್ಲಿ ಲೆನಿನ್‌ಗ್ರಾಡಿನ ಸ್ಮೊಲೆನ್‌ಸ್ಕಿ ತಂಡ ವರದಿ ಮಾಡಿದ ವಸ್ತು. ಬಿಸ್ಮತ್ತಿನ ಹೊರ ಇಲೆಕ್ಟ್ರಾನುಗಳ ಜೋಡಣೆ ಸೀಸದ್ದನ್ನೇ ಹೋಲುತ್ತದೆ. ಹಾಗಾಗಿ ಸೀಸದ ಜಾಗಕ್ಕೆ ಮೊದಲು ನೆನಪಾಗುವುದು ಇದೇ. ಆದರೆ ಬರೀ ಬಿಎನ್‌ಟಿ ಗಟ್ಟಿ ಫೆರೊಎಲೆಕ್ಟ್ರಿಕ್. ಅದರ ಲೂಪ್, ಅಂದರೆ ಫೀಲ್ಡ್ ಏರಿಸಿ ಇಳಿಸಿದಾಗ ಪೋಲರೈಸೇಷನ್ ಬರೆಯುವ ಸುತ್ತುಗೆರೆ, ದಪ್ಪ; ಫೀಲ್ಡ್ ತೆಗೆದರೂ ಪೋಲರೈಸೇಷನ್ ಉಳಿದುಬಿಡುತ್ತದೆ. ಅದಕ್ಕೆ ಸ್ಟ್ರಾನ್ಷಿಯಂ ಟೈಟನೇಟ್ ಬೆರೆಸುತ್ತಾ ಹೋದರೆ ಆ ಬಿಗಿ ಸಡಿಲವಾಗುತ್ತದೆ. 25 ಶೇಕಡಾದ ಆಸುಪಾಸಿನಲ್ಲಿ ಫೀಲ್ಡ್ ಕೊಟ್ಟೊಡನೆ ಒಳಗಿನ ರಚನೆಯೇ ಬದಲಾಗಿ ದೊಡ್ಡ ಹಿಗ್ಗು ಸಿಗುತ್ತದೆ. ಅದು ನಮಗೆ ಬೇಡ. 30ಕ್ಕೆ ಹೋದರೆ ಲೂಪ್ ಸಪೂರವಾಗುತ್ತದೆ. ಈ ಲೇಖನದ ಉದಾಹರಣೆ ಅದೇ: 70 ಪಾಲು ಬಿಎನ್‌ಟಿ, 30 ಪಾಲು ಸ್ಟ್ರಾನ್ಷಿಯಂ ಟೈಟನೇಟ್, ಮೋಲ್ ಲೆಕ್ಕದಲ್ಲಿ.

ತೂಕ: ಇಲ್ಲಿ ಎಡವಿದರೆ ಮುಂದೆಲ್ಲಾ ಎಡವಟ್ಟು

20 ಗ್ರಾಂ ಸೆರಾಮಿಕ್ ಬೇಕಾದರೆ ಬೇಕಾಗುವ ಪುಡಿಗಳು ಇವು. ಬಿಸ್ಮತ್ ಆಕ್ಸೈಡ್ 8.020 ಗ್ರಾಂ, ಸೋಡಿಯಂ ಕಾರ್ಬೊನೇಟ್ 1.824 ಗ್ರಾಂ, ಸ್ಟ್ರಾನ್ಷಿಯಂ ಕಾರ್ಬೊನೇಟ್ 4.356 ಗ್ರಾಂ, ಟೈಟಾನಿಯಂ ಡೈಆಕ್ಸೈಡ್ 7.855 ಗ್ರಾಂ. ಒಟ್ಟು 22.055 ಗ್ರಾಂ. ಕಾಯಿಸಿದಾಗ ಕಾರ್ಬನ್ ಡೈಆಕ್ಸೈಡ್ ಆಗಿ 2.06 ಗ್ರಾಂ ಹಾರಿಹೋಗುತ್ತದೆ. ಡಬ್ಬಿಯ ಮೇಲೆ ಶುದ್ಧತೆ 99 ಶೇಕಡಾ ಅಂತಿದ್ದರೆ ಅದಕ್ಕೆ ತಕ್ಕಂತೆ ತೂಕ ಸರಿಪಡಿಸಿಕೊಳ್ಳಿ.

ಇದರಲ್ಲಿ ಕಿತಾಪತಿ ಮಾಡುವುದು ಸೋಡಿಯಂ ಕಾರ್ಬೊನೇಟ್. ನೋಡಲು ಸಾಧು. ಆದರೆ ಗಾಳಿಯ ತೇವ ಕುಡಿದು ಕೂತಿರುತ್ತದೆ. ಒಂದು ಅಣುವಿಗೆ ಒಂದೇ ನೀರಿನ ಅಣು ಹಿಡಿದರೂ ತೂಕದ 14 ಶೇಕಡಾಕ್ಕೂ ಜಾಸ್ತಿ ಬರೀ ನೀರೇ. ನನ್ನ ಮೊದಲ ಬ್ಯಾಚು ಹಾಳಾದದ್ದು ಜುಲೈ ತಿಂಗಳಲ್ಲಿ, ಕರಾವಳಿಯ ಮಳೆಯಲ್ಲಿ. ಡಬ್ಬಿ ಮುಚ್ಚಳ ತೆಗೆದು ನೇರ ತಕ್ಕಡಿಗೆ ಹಾಕಿದ್ದೆ. ಕಾಯಿಸಿದ ಮೇಲೆ 9.3 ಶೇಕಡಾ ಇಳಿಯಬೇಕಿದ್ದ ತೂಕ 10 ಶೇಕಡಾ ಇಳಿದಿತ್ತು. ಮುಕ್ಕಾಲು ಶೇಕಡಾ ತಾನೇ ಅಂತ ಸುಮ್ಮನಾದೆ. ಎಕ್ಸ್‌ಆರ್‌ಡಿಯಲ್ಲಿ (ಎಕ್ಸ್ ಕಿರಣ ಹಾಯಿಸಿ ಹರಳಿನ ರಚನೆ ನೋಡುವ ಪರೀಕ್ಷೆ) ಮುಖ್ಯ ಪೀಕ್‌ಗಳ ನಡುವೆ ಬೇಡದ ಮರಿ ಪೀಕ್‌ಗಳು ಎದ್ದು ನಿಂತಾಗ ಲೆಕ್ಕ ಹಾಕಿದೆ. ಆ ವ್ಯತ್ಯಾಸ ಸೋಡಿಯಂ ಹಿಡಿದಿದ್ದ ನೀರಿಗೆ ಸರಿಯಾಗಿ ಹೊಂದುತ್ತಿತ್ತು. ಮೂರು ವಾರದ ಕೆಲಸ ಕಸದ ಬುಟ್ಟಿಗೆ.

ಹಾಗಾಗಿ ಎರಡೂ ಕಾರ್ಬೊನೇಟ್‌ಗಳನ್ನು ರಾತ್ರಿಯಿಡೀ 200 ಡಿಗ್ರಿಯಲ್ಲಿಡಿ. ಡೆಸಿಕೇಟರಿನಲ್ಲಿ (ತೇವ ಹೀರುವ ಪುಡಿ ಇಟ್ಟ ಮುಚ್ಚಿದ ಪಾತ್ರೆ) ತಣಿಸಿ, ತೆಗೆದ ಕೂಡಲೇ ತೂಗಿ. ತಕ್ಕಡಿಯ ಕೊನೆಯ ಅಂಕಿ ನೋಡನೋಡುತ್ತಲೇ ಮೇಲೇರುತ್ತಿದ್ದರೆ ಪುಡಿ ತೇವ ಎಳೆಯುತ್ತಿದೆ ಅಂತ ಅರ್ಥ. ವಾಪಸ್ ಒಲೆಗೆ ಹಾಕಿ.

ಅರೆಯುವುದು, ಕಾಯಿಸುವುದು

ಬಾಲ್ ಮಿಲ್ಲಿನಲ್ಲಿ ಝಿರ್ಕೋನಿಯಾ ಗುಂಡು, ಎಥನಾಲ್ ಹಾಕಿ 12 ರಿಂದ 24 ಗಂಟೆ ಅರೆಯಿರಿ. ನೀರು ಬೇಡವೇ ಬೇಡ. ಸೋಡಿಯಂ ಕಾರ್ಬೊನೇಟ್ ನೀರಿನಲ್ಲಿ ಕರಗಿ, ಒಣಗುವಾಗ ಪಾತ್ರೆಯ ಅಂಚಿಗೆ ಬಿಳಿ ಗೆರೆಯಾಗಿ ಹತ್ತಿಕೊಳ್ಳುತ್ತದೆ. ಉಪ್ಪು ತಳದಲ್ಲೇ ಉಳಿದ ಸಾರಿನ ಹಾಗೆ, ಒಂದು ಕಡೆ ಇದ್ದದ್ದು ಇನ್ನೊಂದು ಕಡೆ ಇರುವುದಿಲ್ಲ. ಬಾಲ್ ಮಿಲ್ ಇಲ್ಲದಿದ್ದರೆ ಅಗೇಟ್ ಒರಳಿನಲ್ಲಿ ಕೈಯಲ್ಲೇ ಅರೆಯಬಹುದು. ನಾಲ್ಕೈದು ಗಂಟೆಗೆ ಕಡಿಮೆ ಬೇಡ.

ಒಣಗಿಸಿ, ಅಲ್ಯುಮಿನಾ ಮೂಸೆಗೆ ಹಾಕಿ, ಮುಚ್ಚಳ ಮುಚ್ಚಿ 850 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಕಾಯಿಸಿ. ಮುಂಚೆಯೂ ಆಮೇಲೂ ಮೂಸೆಯನ್ನು ತೂಗಲೇಬೇಕು. ಇಳಿಕೆ 9.3 ಶೇಕಡಾ ಬಂದರೆ ಸರಿ. ಕಡಿಮೆ ಬಂದರೆ ಕಾರ್ಬೊನೇಟ್ ಇನ್ನೂ ಉಳಿದಿದೆ, ಮತ್ತೆ ಅರೆದು ಮತ್ತೆ ಕಾಯಿಸಿ. ಐದು ನಿಮಿಷದ ಈ ತೂಕ ಎಕ್ಸ್‌ಆರ್‌ಡಿಗೆ ಕಾಯುವ ಒಂದು ವಾರ ಉಳಿಸುತ್ತದೆ.

ಎಕ್ಸ್‌ಆರ್‌ಡಿಯಲ್ಲಿ ತಾಮ್ರದ ಕಿರಣಕ್ಕೆ ದೊಡ್ಡ ಪೀಕ್ 32.4 ಡಿಗ್ರಿಯ ಹತ್ತಿರ, ಇನ್ನೊಂದು 46.5ರ ಹತ್ತಿರ ಬರಬೇಕು. ಈ ಎರಡನೆಯದರ ಬಲಗಡೆ ಒಂದು ಭುಜದ ಹಾಗೆ ಕಾಣಿಸಿದರೆ, 'ಟೆಟ್ರಾಗೊನಲ್ ಆಗಿ ಸೀಳಿದೆ' (ಅಂದರೆ ಹರಳಿನ ಘನ ಒಂದು ದಿಕ್ಕಿಗೆ ಉದ್ದವಾಗಿದೆ) ಅಂತ ಬರೆಯಲು ಅವಸರ ಪಡಬೇಡಿ. ತಾಮ್ರದ ಕಿರಣದಲ್ಲೇ ಎರಡು ಅಲೆಗಳಿವೆ. ಆ ಕೋನದಲ್ಲಿ ಅವು ಹೇಗೂ 0.12 ಡಿಗ್ರಿ ಬೇರೆಯಾಗಿ ಬೀಳುತ್ತವೆ. ಸೀಳು ಅಷ್ಟೇ ಇದ್ದರೆ ಅದು ಬಿಲ್ಲೆಯದ್ದಲ್ಲ, ಯಂತ್ರದ್ದು.

ಬಿಲ್ಲೆ ಒತ್ತುವುದು, ಸುಡುವುದು

ಪುಡಿಯನ್ನು ಮತ್ತೊಮ್ಮೆ ನುಣ್ಣಗೆ ಅರೆದು, ಎರಡು ಹನಿ ಪಿವಿಎ ಅಂಟಿನ ನೀರು ಕಲಸಿ, ಜರಡಿ ಹಿಡಿದು ಅಚ್ಚಿಗೆ ಹಾಕಿ. 12 ಮಿ.ಮೀ. ಅಚ್ಚಿಗೆ ಒಂದರಿಂದ ಒಂದೂವರೆ ಟನ್ ಸಾಕು. ಒಂದು ಟನ್ ಅಂದರೆ ಆ ಅಗಲಕ್ಕೆ ಸುಮಾರು 87 ಮೆಗಾಪ್ಯಾಸ್ಕಲ್. ಪ್ರೆಸ್ಸಿನ ಡಯಲ್ ಹತ್ತು ಟನ್ ತೋರಿಸುತ್ತದೆ ಅಂತ ಐದಕ್ಕೆ ಎಳೆದರೆ ಬಿಲ್ಲೆ ಹೊರಬರುವಾಗ ಟೋಪಿಯ ಹಾಗೆ ಮೇಲಿನ ಪದರ ಕಳಚಿಕೊಳ್ಳುತ್ತದೆ. ಕೆಲವು ಸಲ ಬಿರುಕು ಒಳಗೇ ಇದ್ದು, ವೋಲ್ಟೇಜ್ ಕೊಟ್ಟ ದಿನ ಚಟ್ ಅಂತ ಸಿಡಿಯುತ್ತದೆ.

ಮೊದಲು 550 ಡಿಗ್ರಿವರೆಗೆ ನಿಧಾನಕ್ಕೆ, ನಿಮಿಷಕ್ಕೆ ಒಂದೆರಡು ಡಿಗ್ರಿಯಂತೆ ಏರಿಸಿ ಅಂಟನ್ನು ಸುಟ್ಟುಬಿಡಿ. ಆಮೇಲೆ 1150 ಡಿಗ್ರಿಯ ಆಸುಪಾಸಿನಲ್ಲಿ ಎರಡು ಮೂರು ಗಂಟೆ. ಬಿಲ್ಲೆಗಳನ್ನು ಅದೇ ಪುಡಿಯೊಳಗೆ ಹೂತು, ಮೇಲೆ ಇನ್ನೊಂದು ಮೂಸೆ ಬೋರಲು ಹಾಕಿ. ಈ ಬಿಸಿಗೆ ಬಿಸ್ಮತ್ತೂ ಸೋಡಿಯಮ್ಮೂ ಆವಿಯಾಗುತ್ತವೆ. ಸುತ್ತ ಅದೇ ಪುಡಿ ಇದ್ದರೆ ಆವಿ ಪುಡಿಯಿಂದ ಹೋಗುತ್ತದೆ, ಬಿಲ್ಲೆ ಉಳಿಯುತ್ತದೆ.

ಬಿಸ್ಮತ್ ಸ್ವಲ್ಪ ಹೋದರೆ ಏನಂತೆ ಅನ್ನಬೇಡಿ. 2014ರಲ್ಲಿ ಶೆಫೀಲ್ಡ್ ವಿಶ್ವವಿದ್ಯಾಲಯದ ತಂಡ ತೋರಿಸಿದ್ದು ಇದನ್ನೇ. ಬಿಎನ್‌ಟಿಯಲ್ಲಿ ಬಿಸ್ಮತ್ ಚೂರು ಕಡಿಮೆಯಾದರೂ ಆಕ್ಸಿಜನ್ ಅಯಾನುಗಳು ಒಳಗೆ ಓಡಾಡಲು ಶುರುಮಾಡುತ್ತವೆ, ಇನ್ಸುಲೇಟರ್ ಆಗಿದ್ದದ್ದು ವಾಹಕವಾಗುತ್ತದೆ. ಫ್ಯೂಯೆಲ್ ಸೆಲ್ ಮಾಡುವವರಿಗೆ ಅದು ಹಬ್ಬ. ನಮಗೆ ತಲೆನೋವು. ಹೆಚ್ಚಿನವರು ತೂಗುವಾಗಲೇ ಬಿಸ್ಮತ್ ಒಂದು ಚಿಟಿಕೆ ಜಾಸ್ತಿ ಹಾಕುತ್ತಾರೆ. ನಾನು ಮೊದಲ ಬ್ಯಾಚಿಗೆ ಹಾಕುವುದಿಲ್ಲ. ನಿಮ್ಮ ಕುಲುಮೆ ಎಷ್ಟು ಕಳೆಯುತ್ತದೆ ಅಂತ ಮೊದಲು ತಿಳಿಯಬೇಕು, ಆಮೇಲೆ ತುಂಬಬೇಕು.

ಕರೆಂಟ್ ಹೋಗುವ ಊರಾದರೆ ಸಿಂಟರಿಂಗನ್ನು, ಅಂದರೆ ಈ ಸುಡುವ ಕೆಲಸವನ್ನು, ರಾತ್ರಿಗೆ ಇಟ್ಟುಕೊಳ್ಳಿ. ಅಷ್ಟು ದೊಡ್ಡ ಕುಲುಮೆಯನ್ನು ಯುಪಿಎಸ್ ಎಳೆಯುವುದಿಲ್ಲ.

ಸುಟ್ಟ ಬಿಲ್ಲೆಯನ್ನು ಆರ್ಕಿಮಿಡಿಸ್ ವಿಧಾನದಲ್ಲಿ ತೂಗಿ. ಈ ಸಂಯೋಜನೆಯ ಲೆಕ್ಕದ ಸಾಂದ್ರತೆ ಘನ ಸೆಂಟಿಮೀಟರಿಗೆ 5.7 ಗ್ರಾಂನ ಹತ್ತಿರ. 5.4 ದಾಟಿದ್ದರೆ ಮುಂದುವರಿಯಿರಿ. ಇಲ್ಲದಿದ್ದರೆ ತೂತುಗಳಲ್ಲಿ ಕಿಡಿ ಹಾರುತ್ತದೆ.

ಬೆಳ್ಳಿ ಬಳಿಯುವುದು

ಎರಡೂ ಮುಖ ಉಜ್ಜಿ 0.5 ಮಿ.ಮೀ.ಗೆ ಇಳಿಸಿ. ದಪ್ಪ ಎಲ್ಲಾ ಕಡೆ ಒಂದೇ ಇರಬೇಕು. ಮೈಕ್ರೊಮೀಟರ್ ಹಿಡಿದು ಐದು ಕಡೆ ನೋಡಿ. ಬೆಳ್ಳಿ ಪೇಸ್ಟ್ ಬಳಿಯುವಾಗ ಅಂಚಿನಲ್ಲಿ ಒಂದು ಮಿಲಿಮೀಟರ್ ಖಾಲಿ ಬಿಡಿ, ಇಲ್ಲದಿದ್ದರೆ ವೋಲ್ಟೇಜ್ ಅಂಚು ಸುತ್ತಿಕೊಂಡು ಹಾರುತ್ತದೆ. ಪೇಸ್ಟಿನ ಡಬ್ಬಿಯ ಮೇಲೆ ಹೇಳಿದ ಬಿಸಿಯಲ್ಲಿ, ಸಾಮಾನ್ಯವಾಗಿ 550-600 ಡಿಗ್ರಿಯಲ್ಲಿ, ಅರ್ಧ ಗಂಟೆ ಸುಡಿ. ಉಜ್ಜಿದಾಗ ಮೇಲ್ಮೈಯಲ್ಲಿ ಸೇರಿಕೊಂಡ ಒತ್ತಡವೂ ಇದರಲ್ಲೇ ಇಳಿಯುತ್ತದೆ.

ತಂತಿಯನ್ನು ಬೆಸುಗೆ ಹಾಕಬೇಡಿ. ಒಂದು, ಬೆಸುಗೆಯ ಗುಡ್ಡೆ ಬಿಲ್ಲೆಯ ಚಲನೆ ತಡೆಯುತ್ತದೆ. ಎರಡು, ಅಂಗಡಿಯಲ್ಲಿ ಸಿಗುವ 60/40 ಬೆಸುಗೆ ತಂತಿಯಲ್ಲಿ 40 ಪಾಲು ಸೀಸ. ಸೀಸವಿಲ್ಲದ ಸೆರಾಮಿಕ್ ಮಾಡಲು ಆರು ತಿಂಗಳು ಒದ್ದಾಡಿ ಕೊನೆಗೆ ಅದರ ನೆತ್ತಿಗೆ ಸೀಸ ಮೆತ್ತುವುದು! ಸ್ಪ್ರಿಂಗ್ ಕಾಂಟ್ಯಾಕ್ಟ್ ಸಾಕು.

ಪೋಲರೈಸೇಷನ್ ಲೂಪ್

1930ರಲ್ಲಿ ಸಾಯರ್ ಮತ್ತು ಟವರ್ ಕೊಟ್ಟ ಸರ್ಕ್ಯೂಟ್ ಇವತ್ತಿಗೂ ನಡೆಯುತ್ತದೆ. ಬಿಲ್ಲೆಯ ಜೊತೆ ಸರಣಿಯಲ್ಲಿ ಒಂದು ದೊಡ್ಡ ಕೆಪಾಸಿಟರ್ ಹಾಕಿ, ಅದರ ಮೇಲಿನ ವೋಲ್ಟೇಜ್ ಓದುವುದು. ನಮ್ಮ ಬಿಲ್ಲೆಗೆ ಲೆಕ್ಕ ಮಾಡೋಣ. ಬೆಳ್ಳಿಯ ವ್ಯಾಸ 8 ಮಿ.ಮೀ., ಅಂದರೆ ವಿಸ್ತೀರ್ಣ ಅರ್ಧ ಚದರ ಸೆಂಟಿಮೀಟರ್. ಪೋಲರೈಸೇಷನ್ ಚದರ ಸೆಂಟಿಮೀಟರಿಗೆ 25 ಮೈಕ್ರೊಕೂಲಂ ಬಂತು ಅಂದುಕೊಳ್ಳಿ. ಚಾರ್ಜ್ ಸುಮಾರು 12.6 ಮೈಕ್ರೊಕೂಲಂ. 10 ಮೈಕ್ರೊಫ್ಯಾರಡ್ ಕೆಪಾಸಿಟರಿನ ಮೇಲೆ 1.26 ವೋಲ್ಟ್. ಆಸಿಲೋಸ್ಕೋಪಿಗೆ ಹಾಯಾಗಿ ಓದಲು ಬರುತ್ತದೆ. ಕೆಪಾಸಿಟರ್ ಫಿಲ್ಮಿನದ್ದೇ ಇರಲಿ. ಎಲೆಕ್ಟ್ರೊಲಿಟಿಕ್ ಹಾಕಿದರೆ ಅದರ ಸೋರಿಕೆಯೇ ಲೂಪಿನ ಆಕಾರ ಬರೆಯುತ್ತದೆ.

ಬಿಲ್ಲೆಯನ್ನು ಸಿಲಿಕೋನ್ ಎಣ್ಣೆಯಲ್ಲಿ ಮುಳುಗಿಸಿ, 1 ಹರ್ಟ್ಸ್ ಅಲೆ ಕೊಟ್ಟು 500 ವೋಲ್ಟಿನಿಂದ ಮೆಟ್ಟಿಲು ಮೆಟ್ಟಿಲಾಗಿ 2,500ಕ್ಕೆ ಏರಿ. ಆಂಪ್ಲಿಫೈಯರಿನ ಕರೆಂಟ್ ಮಿತಿಯನ್ನು ಒಂದೆರಡು ಮಿಲಿಆಂಪಿಗೆ ಇಟ್ಟುಕೊಳ್ಳಿ. ಬಿಲ್ಲೆಗೆ ಬೇಕಾದದ್ದು ಅದರ ಹತ್ತನೇ ಒಂದು ಪಾಲೂ ಇಲ್ಲ. ಮುಗಿದ ಮೇಲೆ ಅರ್ಥ್ ಮಾಡಿದ ಕೋಲಿನಿಂದ ಮುಟ್ಟಿ ಚಾರ್ಜ್ ಇಳಿಸದೆ ಎಣ್ಣೆಗೆ ಕೈ ಹಾಕಬೇಡಿ. ಒಬ್ಬರೇ ಇರುವ ಹೊತ್ತಿನಲ್ಲಿ ಈ ಕೆಲಸ ಮಾಡಲೇಬೇಡಿ.

ಲೂಪ್ ಸಪೂರವಾಗಿ, ಓರೆಯಾಗಿ, ತುದಿ ಚೂಪಾಗಿ ಬಂದರೆ ಸರಿ. ತುದಿ ದುಂಡಗಾಗಿ ಬಾಳೆಹಣ್ಣಿನ ಹಾಗೆ ಬಂದರೆ ಅದು ಪೋಲರೈಸೇಷನ್ ಅಲ್ಲ, ಬಿಲ್ಲೆ ಸೋರುತ್ತಿದೆ. 10 ಹರ್ಟ್ಸಿಗೆ ಏರಿಸಿ ನೋಡಿ. ಸೋರಿಕೆಯಾದರೆ ಲೂಪ್ ತಕ್ಷಣ ತೆಳ್ಳಗಾಗುತ್ತದೆ. ಸೋರಿದ ಚಾರ್ಜನ್ನೂ ಪಿ ಅಂತ ಎಣಿಸಿದರೆ ಕ್ಯೂ ಇರುವುದಕ್ಕಿಂತ ಕಡಿಮೆ ಬರುತ್ತದೆ.

ಹಿಗ್ಗು ಅಳೆಯುವುದು

ನಿಜವಾದ ಕಸರತ್ತು ಇಲ್ಲಿದೆ. 0.7 ಮೈಕ್ರಾನ್ ಅಳೆಯಲು ಕೆಲವರಲ್ಲಿ ಫೈಬರ್ ಸೆನ್ಸರ್ ಇರುತ್ತದೆ, ಕೆಲವರಲ್ಲಿ ಕೆಪಾಸಿಟಿವ್ ಗೇಜ್. ಏನೂ ಇಲ್ಲದಿದ್ದರೆ ಬಿ.ಎಸ್ಸಿ. ಲ್ಯಾಬಿನ ಮೈಕೆಲ್ಸನ್ ಇಂಟರ್‌ಫೆರೋಮೀಟರ್ ಇದೆಯಲ್ಲಾ. ಒಂದು ಕನ್ನಡಿಯ ಚೂರನ್ನು ಬಿಲ್ಲೆಯ ಮೇಲೆ ಅಂಟಿಸಿ. ಹೀಲಿಯಂ-ನಿಯಾನ್ ಲೇಸರಿನ ಅಲೆ 632.8 ನ್ಯಾನೊಮೀಟರ್. ಕನ್ನಡಿ ಅದರ ಅರ್ಧ, ಅಂದರೆ 316 ನ್ಯಾನೊಮೀಟರ್ ಸರಿದರೆ ಒಂದು ಪಟ್ಟೆ ದಾಟುತ್ತದೆ. ನಮ್ಮ ಬಿಲ್ಲೆಗೆ ಎರಡು ಚಿಲ್ಲರೆ ಪಟ್ಟೆ. ಪರದೆಯ ಮೇಲೆ ಫೋಟೊಡಯೋಡ್ ಇಟ್ಟರೆ ಎಣಿಸಬಹುದು.

ಆದರೆ ಬಿಸಿಲು, ಫ್ಯಾನು, ಎ.ಸಿ. ಎಲ್ಲವೂ ಶತ್ರುಗಳೇ. 50 ಮಿ.ಮೀ. ಎತ್ತರದ ಅಲ್ಯುಮಿನಿಯಂ ಕಂಬದ ಮೇಲೆ ಬಿಲ್ಲೆ ಕೂರಿಸಿದ್ದೀರಿ ಅನ್ನಿ. ಕೋಣೆ ಒಂದು ಡಿಗ್ರಿ ಬಿಸಿಯಾದರೆ ಆ ಕಂಬ 1.15 ಮೈಕ್ರಾನ್ ಉದ್ದವಾಗುತ್ತದೆ. ನೀವು ಹುಡುಕುತ್ತಿರುವ ಚಲನೆಗಿಂತ ಅದೇ ಜಾಸ್ತಿ! ಹಾಗಾಗಿ ಡಿಸಿ ಕೊಟ್ಟು ಕಾಯುವುದು ಬೇಡ. 1 ಹರ್ಟ್ಸಿನಲ್ಲೇ ಹತ್ತಾರು ಸುತ್ತು ಓಡಿಸಿ ಸರಾಸರಿ ತೆಗೆಯಿರಿ. ನಿಧಾನದ ಜಾರುವಿಕೆ ಅದರಲ್ಲಿ ಅಳಿದುಹೋಗುತ್ತದೆ.

ಇನ್ನೊಂದು ಮೋಸ ಬಾಗುವುದು. ತೆಳುವಾದ ಬಿಲ್ಲೆಯ ಒಂದು ಮುಖದ ಬೆಳ್ಳಿ ದಪ್ಪ, ಇನ್ನೊಂದು ತೆಳು ಇದ್ದರೆ ಅದು ಹಪ್ಪಳದ ಹಾಗೆ ಡೊಂಕಾಗುತ್ತದೆ. ಮೇಲಿಂದ ನೋಡುವ ಸೆನ್ಸರಿಗೆ ಅದೂ ಹಿಗ್ಗೇ. ಬಿಲ್ಲೆಯನ್ನು ಮಟ್ಟಸವಾದ ತಟ್ಟೆಯ ಮೇಲೆ ಇಡುವ ಬದಲು ನಡುಮಧ್ಯದಲ್ಲಿ ಉಕ್ಕಿನ ಸಣ್ಣ ಗುಂಡಿನ ಮೇಲೆ ಕೂರಿಸಿ, ಮೇಲೂ ಸರಿಯಾಗಿ ಅದೇ ಬಿಂದುವನ್ನು ಅಳೆಯಿರಿ. ಆಮೇಲೆ ಬಿಲ್ಲೆಯನ್ನು ಮಗುಚಿ ಮತ್ತೊಮ್ಮೆ ಅಳೆಯಿರಿ. ಎರಡು ಸಲವೂ ಒಂದೇ ಸಂಖ್ಯೆ ಬಂದರೆ ನಂಬಬಹುದು. ಬೇರೆ ಬೇರೆ ಬಂದರೆ ನೀವು ಹಪ್ಪಳ ಅಳೆಯುತ್ತಿದ್ದೀರಿ.

ಪರದೆಯ ಮೇಲೆ ಕಾಣಬೇಕಾದ ಗುರುತು ಒಂದಿದೆ. ವೋಲ್ಟೇಜ್ ಸೆಕೆಂಡಿಗೆ ಒಂದು ಸುತ್ತು ಹೋದರೆ ಬಿಲ್ಲೆ ಸೆಕೆಂಡಿಗೆ ಎರಡು ಸಲ ಹಿಗ್ಗಬೇಕು, ಎರಡೂ ಸಲ ಒಂದೇ ಎತ್ತರಕ್ಕೆ. ಒಂದು ಗುಡ್ಡ ದೊಡ್ಡದು ಒಂದು ಚಿಕ್ಕದು ಅಂತಿದ್ದರೆ ಒಳಗೆ ಪಿಯೆಜೊ ಸೇರಿಕೊಂಡಿದೆ, ಅಥವಾ ಮತ್ತೆ ಆ ಹಪ್ಪಳ.

ಲೆಕ್ಕ

ಒಂದೇ ಬಿಲ್ಲೆ, ಒಂದೇ ಅಲೆ, ಸಾಧ್ಯವಾದರೆ ಒಂದೇ ಸಲ ತೆಗೆದ ಪಿ ಮತ್ತು ಎಸ್ ಬೇಕು. ಬೆಳಿಗ್ಗೆ ತೆಗೆದ ಲೂಪಿಗೆ ಮರುದಿನ ತೆಗೆದ ಹಿಗ್ಗನ್ನು ಗಂಟು ಹಾಕಬೇಡಿ. ಪಿಯನ್ನು ಮೊದಲು ಚದರ ಮೀಟರಿಗೆ ಕೂಲಂ ಮಾಡಿಕೊಳ್ಳಿ. 25 ಮೈಕ್ರೊಕೂಲಂ ಪ್ರತಿ ಚದರ ಸೆಂಟಿಮೀಟರ್ ಅಂದರೆ 0.25. ಇದರ ವರ್ಗ 0.0625. ಹಿಗ್ಗು 0.69 ಮೈಕ್ರಾನ್, ದಪ್ಪ 0.5 ಮಿ.ಮೀ., ಹಾಗಾಗಿ ಎಸ್ 0.00138. ಭಾಗಿಸಿದರೆ ಕ್ಯೂ 0.022. ಇದರ ಮಾನ ಮೀಟರ್‌ನ ನಾಲ್ಕನೇ ಘಾತವನ್ನು ಕೂಲಂನ ವರ್ಗದಿಂದ ಭಾಗಿಸಿದ್ದು. ಬಿಎನ್‌ಟಿ ಬಳಗದ ಸೆರಾಮಿಕ್‌ಗಳಲ್ಲಿ 0.02ರಿಂದ 0.027ರ ಸುತ್ತ ಕಾಣುವುದು ವಾಡಿಕೆ. ನಿಮ್ಮದು 220 ಬಂದರೆ ವಿಜ್ಞಾನದಲ್ಲಿ ಕ್ರಾಂತಿ ಆಗಿಲ್ಲ, ಚದರ ಸೆಂಟಿಮೀಟರನ್ನು ಚದರ ಮೀಟರಿಗೆ ಬದಲಾಯಿಸುವಾಗ ಎಡವಿದ್ದೀರಿ.

ಆದರೆ ಒಂದೇ ಬಿಂದುವಿನ ಭಾಗಾಕಾರದಿಂದ ತೃಪ್ತಿಪಡಬೇಡಿ. ಇಡೀ ಸುತ್ತಿನ ಎಸ್ ಅನ್ನು ಪಿ²ಗೆ ಎದುರಾಗಿ ಬಿಡಿಸಿ. ಏರುವಾಗಲೂ ಇಳಿಯುವಾಗಲೂ ಚುಕ್ಕೆಗಳು ಒಂದೇ ನೇರ ಗೆರೆಯ ಮೇಲೆ ಬಿದ್ದರೆ ಆ ಗೆರೆಯ ಓರೆಯೇ ನಿಮ್ಮ ಕ್ಯೂ. ಎಸ್ ಅನ್ನು ಫೀಲ್ಡಿನ ವರ್ಗಕ್ಕೆ ಎದುರಾಗಿ ಬಿಡಿಸಿದರೆ ಗೆರೆ ತುದಿಯ ಹತ್ತಿರ ಕೆಳಕ್ಕೆ ಬಾಗುತ್ತದೆ, ಯಾಕೆಂದರೆ ಫೀಲ್ಡ್ ಜಾಸ್ತಿಯಾದಂತೆ ಪೋಲರೈಸೇಷನ್ ತುಂಬಿಕೊಂಡು ನಿಧಾನವಾಗುತ್ತದೆ. ಅದು ತಪ್ಪಲ್ಲ. ಪಿ² ಗೆರೆಯೇ ಬಾಗಿದರೆ, ಅಥವಾ ಏರುವ ದಾರಿ ಒಂದು ಇಳಿಯುವ ದಾರಿ ಇನ್ನೊಂದು ಆಗಿ ಹೊಟ್ಟೆ ಬಿಟ್ಟರೆ, ಫೀಲ್ಡ್ ಒಳಗಿನ ರಚನೆಯನ್ನೇ ಬದಲಿಸುತ್ತಿದೆ ಎಂದು ಅನುಮಾನಿಸಿ. ಅದು ಬೇರೆ ವಿದ್ಯಮಾನ. 2007ರಲ್ಲಿ ಡಾರ್ಮ್‌ಸ್ಟಾಟ್‌ನ ಗುಂಪು ಬಿಎನ್‌ಟಿ ಬಳಗದ ಒಂದು ಸೆರಾಮಿಕ್‌ನಲ್ಲಿ ತೋರಿಸಿದ 0.45 ಶೇಕಡಾದ ಹಿಗ್ಗು ಈ ಜಾತಿಗೆ ಸೇರಿದ್ದು. ಸಂಖ್ಯೆ ದೊಡ್ಡದು, ಆದರೆ ಪ್ರತಿ ಸುತ್ತಿಗೂ ಒಳಗೆ ಬಿಸಿಯಾಗಿ ಶಕ್ತಿ ಪೋಲಾಗುತ್ತದೆ. ನಿಮ್ಮ ಗೆರೆ ಹೊಟ್ಟೆ ಬಿಟ್ಟಿದ್ದರೆ ಸ್ಟ್ರಾನ್ಷಿಯಂ ಟೈಟನೇಟನ್ನು 35ಕ್ಕೆ ಏರಿಸಿ ಇನ್ನೊಂದು ಬ್ಯಾಚು ಹಾಕಿ.

ಪಿಎಂಎನ್‌ಗೆ ಸಾಟಿಯಾಯಿತಾ?

ಕ್ಯೂನಲ್ಲಿ ಹೌದು, ಎರಡೂ 0.02ರ ಆಸುಪಾಸೇ. ಹಾಗಂತ ಬೀಗಬೇಡಿ. ಯಂತ್ರ ಕಟ್ಟುವವರು ಕೇಳುವುದು ಕ್ಯೂ ಅಲ್ಲ, ಎಷ್ಟು ವೋಲ್ಟಿಗೆ ಎಷ್ಟು ಹಿಗ್ಗು ಅಂತ. ಪಿ ಬರುವುದು ಪರ್ಮಿಟಿವಿಟಿಯಿಂದ, ಅಂದರೆ ಅಷ್ಟೇ ಫೀಲ್ಡಿಗೆ ವಸ್ತು ಎಷ್ಟು ಪೋಲರೈಸ್ ಆಗುತ್ತದೆ ಅನ್ನುವ ಅಳತೆಯಿಂದ. ಒಂದರ ಪರ್ಮಿಟಿವಿಟಿ 2,000, ಇನ್ನೊಂದರದ್ದು 15,000 ಅಂತಿಟ್ಟುಕೊಳ್ಳಿ. ಕ್ಯೂ ಒಂದೇ ಇದ್ದರೂ, ಸಣ್ಣ ಫೀಲ್ಡಿನಲ್ಲಿ ಎರಡನೆಯದು ಐವತ್ತು ಪಟ್ಟಿಗೂ ಜಾಸ್ತಿ ಹಿಗ್ಗುತ್ತದೆ, ವರ್ಗದ ಮಹಿಮೆ. ಪಿಎಂಎನ್ ಗೆಲ್ಲುವುದು ಇಲ್ಲೇ. ನಮ್ಮ ಬಿಲ್ಲೆಗೆ 2,500 ವೋಲ್ಟ್ ಬೇಕಾದದ್ದೂ ಇದಕ್ಕೇ. ವರದಿಯಲ್ಲಿ ಕ್ಯೂ ಜೊತೆ ಎಷ್ಟು ಫೀಲ್ಡ್ ಕೊಟ್ಟಿರಿ ಅನ್ನುವುದನ್ನೂ ಅದೇ ಸಾಲಿನಲ್ಲಿ ಬರೆಯಿರಿ.

ಬಿಲ್ಲೆ ಒಡೆಯದೆ ಉಳಿದಿದ್ದರೆ ಎಣ್ಣೆಯನ್ನು 40, 60, 80 ಡಿಗ್ರಿಗೆ ಬಿಸಿ ಮಾಡಿ ಅದೇ ಅಳತೆ ಮತ್ತೆ ತೆಗೆಯಿರಿ. ಪೋಲರೈಸೇಷನ್ ಬದಲಾಗುತ್ತದೆ, ಹಿಗ್ಗೂ ಬದಲಾಗುತ್ತದೆ. ಪಿ² ಗೆರೆಯ ಓರೆ ಮಾತ್ರ ಹೆಚ್ಚುಕಡಿಮೆ ಅಲ್ಲೇ ಇರಬೇಕು. ನಾಲ್ಕು ಬಿಸಿಯ ಚುಕ್ಕೆಗಳನ್ನು ನಾಲ್ಕು ಬಣ್ಣದಲ್ಲಿ ಒಂದೇ ಹಾಳೆಯ ಮೇಲೆ ಹಾಕಿ. ಬಣ್ಣಗಳು ಒಂದರ ಮೇಲೊಂದು ಕೂತವಾ ಅಂತ ನೋಡಿ.